ಸುಣ್ಣದ ಗೆರೆ

ಬೆಂಗ್ರೆಗೆ ಹೋಗುವ ಸಂಜೆಯ ದೋಣಿಯಲ್ಲಿ
ಟಿಕೇಟು ಹರಿಯುತ್ತಾನೆ ಮಯ್ಯದ್ದಿ.
ಒಮ್ಮೆ ಎಡಕ್ಕೆ ನೋಡುತ್ತಾನೆ, ಕೊಡುವುದು ಬಲಕ್ಕೆ.
ಹಳೇ ಚಾಳಿ.
ಆ ಕಣ್ಣಿನ ಸುಳ್ಳಿಗೆ ನಾನೆಷ್ಟು ಸಲ ಬಿದ್ದಿದ್ದೇನೆ
ಮೈದಾನದ ಕೆಂಪು ಧೂಳು ಮೊಣಕೈಗೆ ಮೆತ್ತಿಕೊಂಡು,
ಬೆನ್ನ ಹಿಂದೆ ಚೆಂಡು ಬೂತಾಯಿಯ ಹಾಗೆ
ಬಲೆಯೊಳಗೆ ಒದ್ದಾಡುವುದನ್ನು ಕೇಳುತ್ತಾ.

ಬಲೆ ಅಂದರೆ ಬಲೆಯೇ.
ಅವನಪ್ಪ ಇನ್ನು ಹೊಲಿಯಲಾಗದು ಎಂದು ಬಿಟ್ಟ ರಂಪಣಿಯ ತುಂಡು.
ಬಿಸಿಲೇರಿದರೆ ವಾಸನೆ.
ಅದು ಗೊತ್ತಿದ್ದದ್ದು ಗೋಲಿಗಳಾದ ನಮಗೆ ಮಾತ್ರ;
ಹೊಡೆದವರು ಅಷ್ಟು ಹತ್ತಿರ ಬರುವುದಿಲ್ಲ,
ಕೈ ಅಗಲಿಸಿ ಆಚೆ ಓಡುತ್ತಾರೆ.

ಹೊಯಿಗೆಯಲ್ಲಿ ಓಡಿ ಕಲಿತವನಿಗೆ
ಹುಲ್ಲು ಅಂದರೆ ಇಳಿಜಾರು.
ಮೊದಲ ಬೂಟು ಒಂದು ಅಳತೆ ಚಿಕ್ಕದು, ಯಾರೋ ಕೊಟ್ಟದ್ದು.
ತುದಿ ಕೊಯ್ದು ಬೆರಳು ಹೊರಗೆ ಬಿಟ್ಟು
ಆ ಬೆರಳಿನಿಂದಲೇ ಹೊಡೆದ.

ಕಲ್ಕತ್ತದಲ್ಲಿ ಮೂರು ಸೀಸನ್. ಅಲ್ಲಿನ ಕೆಸರಲ್ಲಿ ಹದಿನೇಳು ಗೋಲು.
ಕಾರ್ಡಿನಲ್ಲಿ ಬರೆದಿದ್ದ:
‘ಇಲ್ಲಿ ಮೀನಿಗೆ ಸಾಸಿವೆ ಹಾಕ್ತಾರೆ ಗೋಲಿ.
ತಿನ್ನಲಿಕ್ಕೆ ಕಷ್ಟ ಉಂಟು. ಆಟ ಏನೂ ಕಷ್ಟ ಇಲ್ಲ.’

ಆಮೇಲೆ ಗೋವಾ. ಟೈಪು ಮಾಡಿದ ಕರಾರು, ಕೆಳಗೆ ಸಹಿ,
ಮುಂಗಡದಲ್ಲಿ ತಂಗಿ ಅವ್ವಮ್ಮಳ ಮದುವೆ.
ಅಲ್ಲಿಯೇ ಒಂದು ದಿನ, ಯಾರೂ ತಾಗದೆ,
ಚೆಂಡೂ ಎಲ್ಲೋ ದೂರ ಇರುವಾಗ
ಬಲಗಾಲ ಮಂಡಿ ಕುಸಿಯಿತು.
ಮುರಿದ ಹಾಗೆ ಅಲ್ಲ ಮಾರಾಯ, ಹೊಲಿಗೆ ಬಿಟ್ಟ ಹಾಗೆ, ಅಂದ.
ಇಪ್ಪತ್ತೇಳು ವರ್ಷ ಆಗ.
ಕ್ಲಬ್ಬಿನವರು ಒಂದು ಗೋಡೆ ಗಡಿಯಾರ ಕೊಟ್ಟರು.
ಅದು ಈಗಲೂ ಹತ್ತು ನಿಮಿಷ ಮುಂದೆ ನಡೆಯುತ್ತದೆ,
ಝುಲೈಕಾ ಸರಿ ಮಾಡಲು ಬಿಡುವುದಿಲ್ಲ,
ದೋಣಿ ತಪ್ಪುತ್ತದಂತೆ.

ಇಷ್ಟೂ ಊರಿಗೆ ಗೊತ್ತಿರುವುದು.
ಊರಿಗೆ ಗೊತ್ತಿಲ್ಲದ್ದು ನನ್ನ ಹೊಟ್ಟೆಯ ಅಡಿಯಲ್ಲಿ ಉಂಟು.

ಎಂಬತ್ತನಾಲ್ಕರ ಫೈನಲ್.
ಕಲ್ಕತ್ತದಿಂದ ಒಬ್ಬರು ಬಂದು ಕೊಡೆ ಹಿಡಿದು ಕೂತಿದ್ದರು.
ಮಯ್ಯದ್ದಿ ಹೊಡೆದ ಚೆಂಡು ನನ್ನ ಕೈ ಜಾರಿ
ಗೆರೆ ದಾಟಿತು. ಪೂರ್ತಿ ದಾಟಿತು.
ಅದರ ಮೇಲೆ ಬಿದ್ದೆ, ತೆವಳಿ ಈಚೆ ಎಳೆದೆ.
ರೆಫ್ರಿ ಕೆಮ್ಮುತ್ತಾ ಅರ್ಧ ಮೈದಾನ ಹಿಂದಿದ್ದ.
ಗೋಲಿಲ್ಲ. ನಾವು ಗೆದ್ದೆವು.
ಕೊಡೆಯವರು ರಾತ್ರಿ ಬಸ್ಸಿಗೆ ಹೋದರು
ಮತ್ತೆ ಅವರ ಕರೆ ಬಂದದ್ದು ಒಂದು ವರ್ಷ ಕಳೆದು.

ಆಡಲಿಕ್ಕೆ ಸಿಕ್ಕಿದ್ದೇ ಅಷ್ಟು ವರ್ಷ. ಅದರಲ್ಲಿ ಒಂದು ನನ್ನದು.
ಐಸ್ ಪ್ಲಾಂಟಿನ ಲೆಕ್ಕ ಬರೆಯುವವನು ನಾನು,
ಕರಗಿದ್ದನ್ನೂ ಕಳೆದೇ ಬರೆಯಬೇಕು.

ಇವತ್ತು ಹೇಳಿಬಿಟ್ಟೆ.
ಇಂಜಿನ್ನಿನ ಸದ್ದಿಗೆ ಎರಡು ಸಲ ಹೇಳಬೇಕಾಯಿತು.

ಅವನು ಚಿಲ್ಲರೆ ಎಣಿಸುವುದು ನಿಲ್ಲಿಸಲಿಲ್ಲ.
‘ಗೊತ್ತುಂಟು. ನೀನು ಎದ್ದಾಗ
ಸುಣ್ಣದ ಗೆರೆ ನಿನ್ನ ಚಡ್ಡಿಯ ಮೇಲಿತ್ತು.
ಚೆಂಡು ಎದೆಯ ಅಡಿಯಲ್ಲಿತ್ತು.
ಲೆಕ್ಕ ಹಾಕಲಿಕ್ಕೆ ಎಷ್ಟು ಹೊತ್ತು ಬೇಕು?’

ಮತ್ತೆ ಯಾಕೆ ಬೊಬ್ಬೆ ಹಾಕಲಿಲ್ಲ?

ಅಳಿವೆಯ ಕಡೆ ನೋಡಿದ. ಎರಡು ಟ್ರಾಲುಬೋಟು ಒಳಗೆ ಬರುತ್ತಿದ್ದವು,
ಅವುಗಳ ಅಲೆ ನಮ್ಮನ್ನು ಎತ್ತಿ ಇಳಿಸಿತು.
ಕೆಟ್ಟ ಮಂಡಿಯ ಮೇಲೆ ಕೈ ಇಟ್ಟುಕೊಂಡ.
ಏನೋ ಹೇಳುತ್ತಾನೆ ಅಂದುಕೊಂಡೆ.

‘ಮರುವಾರ ನಿನಗೆ ನಾಲ್ಕು ಹೊಡೆದೆ ಅಲ್ವಾ.’

ಮೂರು, ಅಂದೆ. ಒಂದು ಆಫ್‌ಸೈಡು.

‘ನಾಲ್ಕು,’ ಅಂದ,
ದಕ್ಕೆಯ ಹುಡುಗನಿಗೆ ಹಗ್ಗ ಎಸೆದ,
ಎಡಕ್ಕೆ ನೋಡಿ, ಬಲಕ್ಕೆ.