ಮೊಗ್ಗಿನ ಪಾಳಿ

ಮೆಡ್ಲೇರಿ ರಸ್ತೆಯ ಬಲಕ್ಕೆ, ಬಿಳಿ ಬಲೆಯ ಮನೆಯೊಳಗೆ
ಮೂಲಂಗಿ ಹೂ ಬಿಟ್ಟಿದೆ.
ತಿನ್ನುವವರಾರೂ ನೋಡದ ಹೂ.
ಗಡ್ಡೆ ಕಿತ್ತು ರೊಟ್ಟಿಯ ಜೊತೆ ಕಚ್ಚಿಕೊಂಡವರಿಗೆ
ಅದರ ನೆತ್ತಿಗೊಂದು ತೆಳು ನೇರಳೆ ಬರಲಿತ್ತೆಂದು
ಗೊತ್ತಿರುವುದಿಲ್ಲ.

ನಾನು ಇಲ್ಲಿಯ ಸೂಪರ್‌ವೈಸರ್. ಕೃಷಿ ಡಿಪ್ಲೊಮಾ,
ಕೈಯಲ್ಲಿ ರಿಜಿಸ್ಟರು, ಕಿವಿಯ ಹಿಂದೆ ಪೆನ್ನು.
ಕೆಲಸಕ್ಕೆ ಬಂದವರಿಗೆ ಮೊದಲ ದಿನ ಹೇಳುತ್ತೇನೆ:

ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ,
ನಡುವೆ ಜೋಳದ ಕಾಳಿನಷ್ಟೂ ದೂರವಿಲ್ಲ.
ಆದರೂ ತನ್ನ ಹುಡಿ ತನ್ನ ಶಲಾಕೆಗೆ ಬಿದ್ದರೆ
ಹೂವು ಬಾಗಿಲು ಹಾಕಿಕೊಳ್ಳುತ್ತದೆ.
ಹುಡಿಯ ಮೈಗೆ ಹಚ್ಚಿದ ಗುರುತೊಂದು,
ಶಲಾಕೆಯ ತುದಿಯಲ್ಲಿ ಅದನ್ನು ಓದುವ ಗುರುತೊಂದು.
ಎರಡೂ ಒಂದೇ ಮನೆಯವಾದರೆ
ಆ ಹುಡಿಗೆ ಹನಿ ನೀರು ಸಿಗುವುದಿಲ್ಲ. ಮೊಳೆಯದೆ ಒಣಗುತ್ತದೆ.

‘ಬೆಡಗು ನೋಡಿದಂಗಲ್ಲೇನ್ರಿ’ ಎಂದಳು ಗುಡ್ಡವ್ವ.
ಹೌದೆಂದೆ. ಅಷ್ಟಕ್ಕೆ ಬಿಡದೆ ಪಾಠ ಮುಂದುವರಿಸಿದೆ:
ನಮ್ಮಲ್ಲಿ ಬೆಡಗು ಅಪ್ಪನದೊಂದೇ.
ಗಿಡ ಎರಡು ಹೊತ್ತಿರುತ್ತದೆ, ಅಪ್ಪನದೊಂದು, ಅವ್ವನದೊಂದು;
ಬೇಡ ಎನ್ನಲು ಒಂದು ತಾಳೆಯಾದರೂ ಸಾಕು.

ಚಿಮಟ ಒರೆಸುತ್ತ ತುಸು ಹೊತ್ತು ಸುಮ್ಮನಿದ್ದಳು.
‘ಹಂಗಾರ ಸ್ವಾದರಮಾವ ನಡ್ಯಾಂಗಿಲ್ಲ ಇದಕ್ಕ.’
‘ಬಹುಶಃ’ ಎಂದೆ. ಪುಸ್ತಕದಲ್ಲಿ ಆ ಲೆಕ್ಕ ಇರಲಿಲ್ಲ.

ಆದರೆ ಕಂಪನಿಗೆ ತಳಿ ಉಳಿಯಬೇಕು,
ತಳಿ ಉಳಿಯಲು ಗಿಡ ತನ್ನನ್ನೇ ಕಟ್ಟಿಕೊಳ್ಳಬೇಕು.
ಅದಕ್ಕೇ ಈ ಪಾಳಿ, ಬೆಳಗಿನ ಏಳರಿಂದ:
ಬಿರಿಯಲು ಮೂರು ದಿನವಿರುವ ಮೊಗ್ಗು ಹುಡುಕಿ,
ಚಿಮಟದಿಂದ ಹಸಿರು ತುಟಿ ಬಿಡಿಸಿ,
ಅದೇ ಗಿಡದ ಅರಳಿದ ಹೂವಿನ ಹುಡಿ ಸವರಿ
ದಾರ ಕಟ್ಟುವುದು.
ಆ ವಯಸ್ಸಿಗೆ ಮೊಗ್ಗು ಗುರುತು ಓದಲು ಕಲಿತಿರುವುದಿಲ್ಲ.
ಯಾರು ಬಂದರೂ ನೀರು ಕೊಡುತ್ತದೆ.
ಕಾಯಿ ಕಟ್ಟುತ್ತದೆ.

ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಅವತ್ತು
ಹೇಳಿ ಮುಗಿಸಿದ ಮೇಲೆ ಬಲೆಯೊಳಗೆ ಯಾರೂ ಮಾತಾಡಲಿಲ್ಲ.
ಫಕ್ಕೀರವ್ವ ಕೆಮ್ಮಿದಳು.
ಹೊರಗೆ ಟಂಟಂ ಒಂದು ಹಾದುಹೋಯಿತು.

‘ನಂದು ಏಳನೇತ್ತೆ ರಿಜಲ್ಟ ಬಂದಿದ್ದಿಲ್ರಿ’ ಎಂದಳು ಗುಡ್ಡವ್ವ,
ಮೊಗ್ಗಿನಿಂದ ಕಣ್ಣೆತ್ತದೆ.
‘ಮಾವ ಅಂದ್ರ ಯಾರು, ಗಂಡ ಅಂದ್ರ ಯಾರು,
ಎರಡೂ ಒಂದ ಮಾರಿ. ಪ್ಯಾಟಿಂದ ಬೆಂಡು ಬತ್ತಾಸ ತರ್ತಿದ್ದ.
ಒಲ್ಲೆ ಅನ್ನೂದೂ ಒಂದು ಮಾತು ಅಂತ
ಇಪ್ಪತ್ತರಾಗ ತಿಳೀತು. ಅಷ್ಟೊತ್ತಿಗೆ ಕಾಯಿ ಮೂರು.’
ಎಲ್ಲರೂ ನಕ್ಕರು. ಅವಳೂ.
ಚಿಮಟ ನಡುಗದೆ ಮುಂದಿನ ಮೊಗ್ಗಿಗೆ ಹೋಯಿತು.

ಹೀಗೆ ಹುಟ್ಟಿದ ಗಿಡ ವರ್ಷ ವರ್ಷಕ್ಕೆ ಕುಳ್ಳಾಗುತ್ತದೆ,
ಎಲೆ ಬಿಳಿಚುತ್ತದೆ; ಅದು ರಿಜಿಸ್ಟರಿನ ಬೇರೆ ಕಾಲಮ್ಮು.
ಆಮೇಲೆ ಅದನ್ನೇ ಇನ್ನೊಂದು ತಳಿಯ ಪಕ್ಕ ಸಾಲು ಹಾಕಿ
ಜೇನುಪೆಟ್ಟಿಗೆ ಇಟ್ಟರೆ, ತನ್ನದನ್ನೊಲ್ಲದ ಹೂವು
ಪಕ್ಕದ ಸಾಲಿನದನ್ನೇ ಹಿಡಿಯುತ್ತದೆ. ಆ ಬೀಜಕ್ಕೆ ರೇಟು.
ಅರಳಿದ ಹೂವಿನ ಹಟ ಕಂಪನಿಯ ಬಂಡವಾಳ.
ಹಟ ಮೂಡುವ ಮೊದಲಿನ ಮೂರು ದಿನ
ನಮ್ಮ ಕೂಲಿ.

ಕಳೆದ ವಾರ ಗುಡ್ಡವ್ವನ ತಮ್ಮ ಬೈಕಿನಲ್ಲಿ ಬಂದು
ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದ.
ಅವಳ ಕಿರಿಯವಳು ಈಗ ಎಂಟನೆಯ ಇಯತ್ತೆ.
ಏನು ಮಾತಾಯಿತೋ ಕೇಳಿಸಲಿಲ್ಲ,
ಅವನು ಚಾ ಕುಡಿಯದೆ ಹೋದ.

ಇವತ್ತು ದಾರ ಎಣಿಸುತ್ತ ಹದಿನೇಳನೇ ಸಾಲಿಗೆ ಬಂದೆ.
ನಾನೂರ ಹನ್ನೆರಡು ಕೆಂಪು ದಾರ.
ತುದಿಯ ಗಿಡದಲ್ಲಿ ಒಂದು ರೆಂಬೆ ಮಾತ್ರ
ಯಾರೂ ಮುಟ್ಟದೆ, ಪೂರ್ತಿ ಅರಳಿ ನಿಂತಿತ್ತು.
‘ಇದೇನು ಗುಡ್ಡವ್ವ?’
‘ಕಣ್ಣಿಗೆ ಬೀಳಲಿಲ್ರಿ ಸರ’ ಎಂದಳು,
ಸಜ್ಜೆ ಕಾಳಿನಷ್ಟು ಮೊಗ್ಗನ್ನು ಮೂರು ಮಾರು ದೂರದಿಂದ ಗುರುತಿಸುವವಳು.

ನಾನು ಪೆನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದೆ.