ಎರಡೂ ಕಿವಿ ಕಾಣಬೇಕು

ಬೆಳಕು ಹರಿಯುವ ಮೊದಲೇ ಒಳಗೆ ತೂರಿಕೊಂಡೆವು.
ಹೊನ್ನಿಕೇರಿಯ ಹುಲ್ಲಿನಂಚಿಗೆ, ಸಿಮೆಂಟ್ ತೊಟ್ಟಿಯಿಂದ
ಹದಿನೆಂಟು ಹೆಜ್ಜೆ ದೂರ, ತೊಗರಿಕಟ್ಟಿಗೆ ಹೆಣೆದ ತಟ್ಟಿ,
ಮೇಲೊಂದು ಹಸಿರು ಜಾಳಿಗೆ, ಕಣ್ಣಳತೆಗೆ ಒಂದು ಸೀಳು.
ಘಾಳೆಪ್ಪ ಕೈಯಾರೆ ಕಟ್ಟಿದ್ದು.
"ಇದರಾಗ ಕುಂತ್ರ ನಾವ್ ಇಲ್ಲ ಅಂದಂಗ್ರಿ," ಅಂದ.
ಬೀಡಿ ಕಟ್ಟು ಹೊರಗೆ ಕಲ್ಲಿನ ಕೆಳಗಿಟ್ಟು ಬಂದಿದ್ದ.
ಅತ್ತರು ಹಚ್ಚಿದ ನನ್ನ ಕರವಸ್ತ್ರವನ್ನೂ ಅಲ್ಲೇ ಇಡಿಸಿದ್ದ.

ನನ್ನದು ಬೀದರಿನಲ್ಲಿ ಸಣ್ಣ ಸ್ಟುಡಿಯೋ.
ಇಪ್ಪತ್ತೆರಡು ವರ್ಷದಿಂದ ಒಂದೇ ಮಂತ್ರ:
ಗದ್ದ ಸ್ವಲ್ಪ ಕೆಳಗೆ. ನಗಬ್ಯಾಡ್ರಿ. ಕೂದಲು ಹಿಂದಕ್ಕೆ,
ಎರಡೂ ಕಿವಿ ಕಾಣಬೇಕು.
ಬಂದವರು ಉಸಿರು ಹಿಡಿಯುತ್ತಾರೆ, ನಾನು ಬಿಡುತ್ತೇನೆ.
ಮೊಬೈಲ್ ಬಂದ ಮೇಲೆ ಬರುವವರು ಎರಡೇ ತರ:
ಪರೀಕ್ಷೆ ಫಾರ್ಮಿನವರು,
ಮತ್ತೆ, ರೇಷನ್ ಕಾರ್ಡಿನ ಗುಂಪಿನೊಳಗಿಂದ ಒಂದು ಮುಖ ಎತ್ತಿ
ಹಾರ ಹಾಕುವಷ್ಟು ದೊಡ್ಡದು ಮಾಡಿಕೊಡಿ ಅನ್ನುವವರು.

ಇಲ್ಲಿ ಉಸಿರು ಹಿಡಿಯುವ ಪಾಳಿ ನನ್ನದು.

ಮೊದಲು ಬಂದದ್ದು ಗೌಜಲಹಕ್ಕಿ, ಸಾಲಾಗಿ ಆರು,
ಗಂಟೆ ಹೊಡೆದ ಮೇಲೆ ಓಡುವ ಸಾಲಿಮಕ್ಕಳ ಹಾಗೆ.
ತೆಗೆದೆ.
ಆಮೇಲೆ ನೀಲಕಂಠ. ಕೂತಾಗ ಕಂದು ಮುದ್ದೆ,
ಹಾರಿದಾಗ ನನ್ನ ಸ್ಟುಡಿಯೋದ ನೀಲಿ ಪರದೆ
ಯಾರೋ ಕಿತ್ತುಕೊಂಡು ಹೋದ ಹಾಗೆ. ಮಸುಕಾಯಿತು.
ಟಿಟವಿಯೊಂದು ತಟ್ಟಿಯನ್ನೇ ಬೈಯುತ್ತ ಎರಡು ಸುತ್ತು ಹಾಕಿ
ಸುಮ್ಮನಾಯಿತು.
ಬಿಸಿಲೇರಿತು. ಮೊಣಕಾಲಿಗೆ ಜೋಮು.
ಕೆಂಪು ಧೂಳು ಲೆನ್ಸಿಗೂ ಹುಬ್ಬಿಗೂ ಒಂದೇ ಲೆಕ್ಕ.
ಕತ್ತಿನ ಮೇಲೆ ಇರುವೆ, ಕೊಡವುವ ಹಾಗಿಲ್ಲ.

ಘಾಳೆಪ್ಪ ಕಿವಿಯಲ್ಲಿ ಹೇಳಿದ, ಮಾತಲ್ಲ, ಬರೀ ಗಾಳಿ:
"ಕರೇ ಗಂಡಿನ ಫೋಟೋ ಎಲ್ಲರ ಹಂತೇಕ ಅದ.
ನೀವು ಒಂದು ಹೆಣ್ಣಿಂದು ತಗೀಬೇಕ್ರಿ.
ಅದಕ್ಕ ಕೋಡು ಅದ. ಒಂದೇ. ಸೊಟ್ಟಂದು.
ಲೆಕ್ಕದ ಬುಕ್ಕಿನಾಗ ಕೋಡಿದ್ರ ಗಂಡು, ಇಲ್ದಿದ್ರ ಹೆಣ್ಣು.
ನಾ ಹೆಣ್ಣು ಅಂತ ಬರದೆ. ಸಾಹೇಬ್ರು ಗೀಚಿ ಹಾಕಿ
ಕುಡದಿದ್ದೇನಲೇ ಅಂದ್ರು.
ನಾ ಮುಟ್ಟಲ್ರಿ ಅದನ್ನ."

ಹನ್ನೊಂದರ ಮೇಲೆ ಹುಲ್ಲು ಎರಡಾಗಿ ಸರಿಯಿತು.
ಮೊದಲು ಮರಿ, ಹಿಂದೆ ಆ ಚಿಗರಿ.
ಎಡಗಣ್ಣಿನ ಮೇಲೆ ಬಾಗಿದ ಕೋಡು,
ಕೆಲಸದ ನಡುವೆ ಜಾರಿ ಹಾಗೇ ಉಳಿದ ಬಾಚಣಿಗೆ.
ಮರಿ ಹೊಟ್ಟೆಯ ಕೆಳಗೆ ಮೂತಿ ತೂರಿ ಬಾಲ ಆಡಿಸಿತು.
ಸಾಬೀತಿಗೆ ಇನ್ನೇನು ಬೇಕು?
ಕೋಡು, ಕೆಚ್ಚಲು, ಒಂದೇ ಚೌಕಟ್ಟಿನಲ್ಲಿ.

ತಲೆ ಎತ್ತಿ ನೇರ ಸೀಳಿನೊಳಗೆ ನೋಡಿತು.
ಹಿಂದೆ ಒಂದೇ ಬಣ್ಣದ ಒಣಹುಲ್ಲು. ನಗುವಿಲ್ಲ.
ಕಿವಿ ಎರಡೂ ನೆಟ್ಟಗೆ.
ಇಷ್ಟು ನಿಯಮದ ಮುಖ ನನ್ನ ಸ್ಟೂಲಿನ ಮೇಲೆ
ಯಾವತ್ತೂ ಕೂತಿಲ್ಲ.
ಒತ್ತಬೇಕಿತ್ತು.
ಬಾಯಿ ತಾನೇ ಅಂದುಬಿಟ್ಟಿತು:
ಗದ್ದ ಸ್ವಲ್ಪ ಕೆಳಗೆ.

ಪರದೆಯ ಮೇಲೆ ತೊಟ್ಟಿಯ ನೀರು, ನೀರಲ್ಲಿ ಬಳೆ ಬಳೆ,
ಮೂಲೆಯಲ್ಲಿ ಹಿಂಗಾಲಿನ ಗೊರಸು ಒಂದು.
ಘಾಳೆಪ್ಪ ಬಹಳ ಹೊತ್ತು ನೋಡಿದ. ಬೈಯಲಿಲ್ಲ.
"ಕಾಲು ಅದರದೇ," ಅಂದ.
ಹೊರಗೆ ಬಂದು, ಬೀಡಿ ಹಚ್ಚಿ, ಬುಕ್ಕು ತೆಗೆದು,
ಗಂಡು ಹೆಣ್ಣಿನ ನಡುವೆ ಎಳೆದ ಗೆರೆಯ ಮೇಲೆಯೇ
ಒಂದು ಅಂತ ಬರೆದ.
ಪಕ್ಕದಲ್ಲಿ: ಮರಿ, ಒಂದು.

ಸೋಮವಾರ ಪೊಲೀಸ್ ಭರ್ತಿಯ ಫಾರ್ಮಿಗೆ ಹುಡುಗಿಯೊಬ್ಬಳು ಬಂದಳು.
ಸ್ಟೂಲಿನ ತುದಿಗೆ ಕೂತು ಕಾದಳು,
ನಾನು ಏನಾದರೂ ಹೇಳಲೆಂದು.
ನಾನು ಕ್ಯಾಮೆರಾದ ಹಿಂದೆ ನಿಂತೆ,
ಇಲ್ಲ ಅಂದಂಗೆ.
ಫ್ಯಾನು ತಿರುಗಿತು. ಹೊರಗೆ ಆಟೋ ಒಂದು ಯಾರನ್ನೋ ಕರೆಯಿತು.
ಅವಳೇ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು.