ಎರಡೂ ಕಣ್ಣು ತೆರೆದು

ಕೂರುವ ಮೊದಲು ಸ್ಟೂಲಿನ ಎತ್ತರ ಸರಿಮಾಡಿಕೊಳ್ಳಿ.
ಕತ್ತು ಯಂತ್ರಕ್ಕೆ ಬಗ್ಗಬಾರದು,
ಯಂತ್ರ ನಿಮ್ಮ ಕತ್ತಿಗೆ ಒಗ್ಗಬೇಕು.
ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ,
ಕತ್ತು ಕೆಟ್ಟಿರುವುದು ನನ್ನದೇ.

ಹೊರಗೆ ಪುಂತಾ ಅರೇನಾಸಿನ ಗಾಳಿ.
ಚೌಕದ ಮೂಲೆಯಲ್ಲಿ ನಗರಸಭೆಯವರು ಹಗ್ಗ ಬಿಗಿದಿದ್ದಾರೆ,
ಜನ ಅದನ್ನು ಹಿಡಿದು ರಸ್ತೆ ದಾಟುತ್ತಾರೆ.
ಈ ನೆಲಮಾಳಿಗೆಯಲ್ಲಿ ನಮಗೆ ಹಗ್ಗವಿಲ್ಲ.
ಗಾಳಿ ಗೋಡೆಗೆ ಹೆಗಲು ಕೊಟ್ಟಾಗೆಲ್ಲ
ನಾನೂರು ಪಟ್ಟು ಹಿಗ್ಗಿದ ಹನಿಯೊಳಗೆ ಭೂಕಂಪ.
ಏನನ್ನೂ ತಿರುಗಿಸಬೇಡಿ. ಕಾಯಿರಿ.
ನಿಲ್ಲುತ್ತದೆ.

ಮೊದಲ ದಿನ ಎಲ್ಲರಿಗೂ ಕಾಣುವುದು ಅವರವರ ರೆಪ್ಪೆ.
ಯೆರ್ಕಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೇ ಬಿಟ್ಟಿದ್ದಾಳೆ:
'ಕಪ್ಪು ಎಳೆಗಳು, ಹನ್ನೊಂದು, ಚಲಿಸುತ್ತಿವೆ.'
ನಗಬೇಡಿ. ನಿಮ್ಮ ವಯಸ್ಸಿನಲ್ಲಿ ನಾನು
ಒಂದು ಗಾಳಿಗುಳ್ಳೆಯ ಚಿತ್ರ ಬರೆದು,
ಅಂಚಿಗೆ ನೀಲಿ ಹಚ್ಚಿ, ಹೊಸ ಜೀವಿಯೆಂದು
ಪ್ರೊಫೆಸರರ ಮೇಜಿನ ಮೇಲೆ ಇಟ್ಟು ಬಂದಿದ್ದೆ.
ಅವರು ಏನೂ ಅನ್ನಲಿಲ್ಲ. ಸೂಜಿಯಿಂದ ಒಡೆದು ತೋರಿಸಿದರು.

ಒಂದು ಕಣ್ಣು ಮುಚ್ಚುವ ಚಟ ಬಿಡಿ.
ಎರಡನ್ನೂ ತೆರೆದಿಟ್ಟು ಕೊಳವೆಗಳ ನಡುವಿನ ದೂರ
ಸರಿಸುತ್ತಾ ಹೋಗಿ, ಸರಿಸುತ್ತಾ,
ಎರಡು ಚಂದ್ರ ಕೂಡಿ ಒಂದಾಗುವ ತನಕ.
ಆಯಿತೇ? ಆ ಅಂಕಿ ಬರೆದಿಟ್ಟುಕೊಳ್ಳಿ.
ಅದು ನಿಮ್ಮ ಮುಖದ ಅಳತೆ, ಸಾಯುವವರೆಗೆ ಬದಲಾಗದು.

ಎಣ್ಣೆ ನೂರರ ಲೆನ್ಸಿಗೆ ಮಾತ್ರ. ಒಂದೇ ತೊಟ್ಟು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸವನ್ನು
ಈ ಗಾಜು ನಮಗಿಂತ ನಿಯತ್ತಾಗಿ ಮಾಡುತ್ತದೆ.
ನಲವತ್ತರದಕ್ಕೆ ಎಣ್ಣೆ ತಾಗಿಸಿದವರು
ಸಂಜೆಯವರೆಗೆ ನನ್ನ ಕಣ್ಣಿಗೆ ಬೀಳಬೇಡಿ.
ಒರೆಸಲು ಲೆನ್ಸ್ ಕಾಗದ.
ಅಂಗಿಯ ಚುಂಗಲ್ಲ, ಬೌತಿಸ್ತಾ, ಅಂಗಿಯ ಚುಂಗಲ್ಲ.

ಇನ್ನು ಜಾಡಿಗಳು.
ಕಾಲುವೆಗಳಾಚೆಯ ಕೊಲ್ಲಿಗಳಿಂದ ಬಂದ ನೀರು,
ಅಯೋಡಿನ್ ಬಿದ್ದು ತೆಳು ಚಹಾದ ಬಣ್ಣ.
ಸತ್ತವು ತಳ ಸೇರಲು ಒಂದು ರಾತ್ರಿ ಬೇಕು,
ಅವಸರ ಮಾಡಿದರೆ ಲೆಕ್ಕ ತಪ್ಪುತ್ತದೆ.
ನೀವು ಹುಡುಕುವುದು ಸರಪಳಿಯನ್ನು:
ಎರಡು, ನಾಲ್ಕು, ಕೆಲವೊಮ್ಮೆ ಎಂಟು,
ಅಂಗೈಯಲ್ಲಿ ಒತ್ತಿದ ಬನ್ನಿನ ಹಾಗೆ ಚಪ್ಪಟೆ.
ಇವು ಹೆಚ್ಚಾದ ನೀರಿನಲ್ಲಿ ಚಿಪ್ಪಿನ ಹುಳು ವಿಷ.
ಬೇಯಿಸಿದರೂ ವಿಷ. ನಿಂಬೆ ಹಿಂಡಿದರೂ ವಿಷ.

ಹೋದ ವರ್ಷ, ಕಿಟಕಿಯ ಕಡೆಯ ಆ ಸ್ಟೂಲಿನಲ್ಲಿ
ಅಯೆಲೆನ್ ನಾಂಕುಪೆಲ್ ಕೂತಿದ್ದಳು.
ಜಾಡಿಗೆ ಹೆಸರಿಲ್ಲ, ಹದಿನಾಲ್ಕು ಎಂಬ ಸಂಖ್ಯೆ ಅಷ್ಟೇ.
ಆದರೆ ಮುಚ್ಚಳಕ್ಕೆ ಹಸಿರು ದಾರದ ಗಂಟು ಹಾಕಿತ್ತು.
ಆ ಗಂಟು ಹಾಕುವವರು ಆ ತೀರದಲ್ಲಿ ಒಬ್ಬರೇ.
ದೋಣಿಯಲ್ಲಿ ಚಿಪ್ಪು ಆಯುವ ಹೆಂಗಸು, ಅವಳ ತಾಯಿ.

ಕೌಂಟರ್ ಟಕ್, ಟಕ್, ಟಕ್ ಎನ್ನುತ್ತಿತ್ತು,
ಆಮೇಲೆ ಬಹಳ ಹೊತ್ತು ಇಲ್ಲ.
'ಅರವತ್ತೊಂದು,' ಎಂದಳು. 'ಇನ್ನೊಮ್ಮೆ ಎಣಿಸಲೇ?'
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು.
ನಾನು ಎಣಿಸಿದೆ. ಅರವತ್ತಮೂರು.
ಅವಳು ಮತ್ತೆ ಕೂತಳು. ಅರವತ್ತಮೂರು.
ಅಷ್ಟು ಬರೆದರೆ ಕೊಲ್ಲಿಗೆ ಬೀಗ,
ದೋಣಿ ಮರಳಿನ ಮೇಲೆ ಮಗುಚಿಕೊಂಡು ಬೇಸಗೆಯೆಲ್ಲ.
ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಫಾರ್ಮಿನ ಮೇಲೆ ಅವಳ ಆರು ದುಂಡಗೆ, ಮೂರು ದುಂಡಗೆ.
ಆಮೇಲೆ ಕಾರಿಡಾರಿನಿಂದ ದನಿ ಕೇಳಿಸಿತು:
'ಅಮ್ಮಾ, ನಿನ್ನೆಯ ಬುಟ್ಟಿ ಮುಟ್ಟಬೇಡ.
ಇಲ್ಲ, ಬೆಕ್ಕಿಗೂ ಹಾಕಬೇಡ.'
ಐಪೀಸು ಒದ್ದೆಯಾಗಿತ್ತು.
ಉಪ್ಪು ಗಾಜಿನ ಲೇಪವನ್ನು ತಿನ್ನುತ್ತದೆ,
ಕೂಡಲೇ ಒರೆಸಿದೆ.

ಸರಿ, ಟ್ರೇಯಿಂದ ಒಂದೊಂದು ಜಾಡಿ ತೆಗೆದುಕೊಳ್ಳಿ.
ದಾರಗಳೇನೂ ಇಲ್ಲ.
ಬೆಳಿಗ್ಗೆಯೇ ಬಂದು ಎಲ್ಲವನ್ನೂ ಬಿಚ್ಚಿಟ್ಟಿದ್ದೇನೆ.